ಮೈಲುತುತ್ತ ಬಿಳಿಯಾಯ್ತು, ಲೆಕ್ಕ ಮಾತ್ರ ಐದಕ್ಕೆ ಬರುತ್ತಿಲ್ಲ

ಮುಲುಂಡ್_ಲ್ಯಾಬ್

ಎಲ್ಲರಿಗೂ ನಮಸ್ಕಾರ. ಹನ್ನೊಂದನೇ ತರಗತಿಯ ಮಕ್ಕಳಿಗೆ ಮೈಲುತುತ್ತ ಎಂಬ ನೀಲಿ ಉಪ್ಪಿನ (ತಾಮ್ರದ ಸಲ್ಫೇಟ್) ಸ್ಫಟಿಕ ಜಲವನ್ನು, ಅಂದರೆ ಹರಳಿನೊಳಗೆ ಕೂಡಿಕೊಂಡಿರುವ ನೀರನ್ನು, ತೂಕದಿಂದ ಕಂಡುಹಿಡಿಯುವ ಪ್ರಯೋಗ ಕೊಟ್ಟಿದ್ದೇವೆ. ಮುಚ್ಚಳವಿರುವ ಪಿಂಗಾಣಿ ಕ್ರೂಸಿಬಲ್ (ಕಾಯಿಸುವ ಬಟ್ಟಲು), ಮಿಲಿಗ್ರಾಂವರೆಗೆ ತೋರಿಸುವ ತಕ್ಕಡಿ. ಮೂರೂ ಗುಂಪು 2.500 ಗ್ರಾಂ ತೆಗೆದುಕೊಂಡಿವೆ. ಫಲಿತಾಂಶ ಹೀಗಿದೆ (ನೀರಿನ ಸಂಖ್ಯೆ ಎಂದರೆ ಒಂದು ಪಾಲು ಉಪ್ಪಿಗೆ ಎಷ್ಟು ನೀರಿನ ಅಣು ಎಂಬುದು, ಬರಬೇಕಾದದ್ದು ಐದು):

ಎ ಗುಂಪು, ಸ್ಪಿರಿಟ್ ಲ್ಯಾಂಪ್: ಉಳಿದದ್ದು 1.735 ಗ್ರಾಂ, ನೀರಿನ ಸಂಖ್ಯೆ 3.9
ಬಿ ಗುಂಪು, ಗ್ಯಾಸ್ ಬರ್ನರ್: ಉಳಿದದ್ದು 1.515 ಗ್ರಾಂ, ಸಂಖ್ಯೆ 5.8
ಸಿ ಗುಂಪು, ಗ್ಯಾಸ್ ಬರ್ನರ್: ಉಳಿದದ್ದು 1.640 ಗ್ರಾಂ, ಸಂಖ್ಯೆ 4.65

ಎ ಗುಂಪಿನ ಉಪ್ಪು ಪೂರ್ತಿ ಬಿಳಿಯಾಗಿತ್ತು. ಬಿ ಗುಂಪಿನದು ತಳದಲ್ಲಿ ಸ್ವಲ್ಪ ಕಪ್ಪು. ಸಿ ಗುಂಪು ಚೆನ್ನಾಗಿ ಕಾಯಿಸಿ, ಮೇಜಿನ ಮೇಲೆ ಆರಲು ಬಿಟ್ಟು, ಬಿಡುವಿನ ನಂತರ ತೂಗಿದೆ. ಯಾರದ್ದು ಎಲ್ಲಿ ಜಾರಿತು?

ಪಾಷಾಣ್_ಟಿಜಿಎ

ಮೂರೂ ಬೇರೆ ಬೇರೆ ತಪ್ಪು ಸರ್. ಒಂದೊಂದೇ ನೋಡೋಣ.

ಮೊದಲು ಬರಬೇಕಾದ ಅಂಕಿ. ಐದು ನೀರಿನ ತಾಮ್ರದ ಸಲ್ಫೇಟ್‌ನ ಮೋಲಾರ್ ತೂಕ 249.7, ನಿರ್ಜಲದ್ದು 159.6. ನೀರಿನ ಪಾಲು ಶೇ. 36.1. ಅಂದರೆ 2.500 ಗ್ರಾಂನಲ್ಲಿ 0.902 ಹೋಗಿ 1.598 ಉಳಿಯಬೇಕು.

ಎ ಗುಂಪು: ನಾಲ್ಕು ನೀರು ಮಾತ್ರ ಹೋದರೆ ನಷ್ಟ 0.722 ಗ್ರಾಂ. ಇವರ ನಷ್ಟ 0.765. ನಾಲ್ಕು ಪೂರ್ತಿ ಹೋಗಿವೆ, ಐದನೆಯದು ಕಾಲು ಭಾಗದಷ್ಟು ಹೋಗಿದೆ. ಅವರ ಲೆಕ್ಕದ 3.9 ಕೂಡ ನಿಜವಲ್ಲ ಎಂಬುದನ್ನು ಗಮನಿಸಿ. ಉಳಿದ 1.735 ಗ್ರಾಂ ನಿರ್ಜಲ ಎಂದು ಹಿಡಿದು ಭಾಗಿಸಿದ್ದಾರೆ, ಅದರಲ್ಲಿ ಇನ್ನೂ ನೀರಿದೆ. ನಿಜಕ್ಕೆ ಹೊರಬಿದ್ದದ್ದು ಸುಮಾರು 4.24.

ಇಲ್ಲಿ ಮೋಸ ಮಾಡುವುದು ಕಣ್ಣು. ಈ ಉಪ್ಪು ಒಂದೇ ಸಲಕ್ಕೆ ಒಣಗುವುದಿಲ್ಲ. ಸುಮಾರು 63 ಡಿಗ್ರಿಯಲ್ಲಿ ಎರಡು ನೀರು, 109ರ ಹತ್ತಿರ ಇನ್ನೆರಡು, ಕೊನೆಯದು 200 ಡಿಗ್ರಿಯಲ್ಲಿ. ಮೂರು ನೀರಿನದು ತಿಳಿ ನೀಲಿ. ಒಂದು ನೀರಿನದು ಆಗಲೇ ಹೆಚ್ಚುಕಡಿಮೆ ಬಿಳಿ. ‘ನೀಲಿ ಹೋಗಿ ಬಿಳಿಯಾದರೆ ಮುಗಿಯಿತು’ ಎಂದು ಜರ್ನಲ್‌ನಲ್ಲಿ ಬರೆಸುತ್ತೇವಲ್ಲ, ಆ ಸಾಲು ತೆಗೆಸಿ. ಬಿಳಿ ಬಣ್ಣ 110 ಡಿಗ್ರಿಯಲ್ಲೇ ಬರುತ್ತದೆ. ಮುಗಿದದ್ದಕ್ಕೆ ಸಾಕ್ಷಿ ಒಂದೇ: ಮತ್ತೆ ಕಾಯಿಸಿ, ಆರಿಸಿ, ತೂಗಿದಾಗ ತೂಕ ಬದಲಾಗಬಾರದು.

ಬಿ ಗುಂಪು: ಕಪ್ಪು ಎಂದರೆ ತಾಮ್ರದ ಆಕ್ಸೈಡ್. ನೀರು ಮುಗಿದ ಮೇಲೂ ಉರಿ ಜೋರಾಗಿಯೇ ಇಟ್ಟು, ತಳ ಕೆಂಪಗೆ ಕಾಯ್ದಿದೆ. 650 ಡಿಗ್ರಿಯ ಸುತ್ತಮುತ್ತ ಸಲ್ಫೇಟೇ ಒಡೆದು ಗಂಧಕದ ಟ್ರೈಆಕ್ಸೈಡ್ ಹೊರಗೆ ಹೋಗುತ್ತದೆ. ಹೆಚ್ಚುವರಿ ನಷ್ಟ 0.083 ಗ್ರಾಂ. ಅಷ್ಟೂ ಟ್ರೈಆಕ್ಸೈಡೇ ಆದರೆ ಉಪ್ಪಿನ ಹತ್ತರಲ್ಲೊಂದು ಪಾಲು ಒಡೆದಿದೆ. ಪರೀಕ್ಷೆ ಸುಲಭ. ಉಳಿದದ್ದನ್ನು ನೀರಿಗೆ ಹಾಕಿ: ಸಲ್ಫೇಟ್ ನೀಲಿಯಾಗಿ ಕರಗುತ್ತದೆ, ಕಪ್ಪು ಆಕ್ಸೈಡ್ ತಳದಲ್ಲಿ ಕೂರುತ್ತದೆ. ಕಪ್ಪು ತೀರಾ ಕಡಿಮೆ ಇದ್ದರೆ ಮುಚ್ಚಳದ ಒಳಬದಿ ನೋಡಿ. ಅಲ್ಲಿ ಪುಡಿ ಅಂಟಿದ್ದರೆ ಉಪ್ಪು ಸಿಡಿದು ಹೊರಗೂ ಹೋಗಿರುತ್ತದೆ. ಆ ನಷ್ಟವೂ ನೀರಿನ ಲೆಕ್ಕಕ್ಕೇ ಸೇರುತ್ತದೆ.

ಸಿ ಗುಂಪು: ಜುಲೈ ತಿಂಗಳ ಮುಂಬೈ, ಮೇಜಿನ ಮೇಲೆ ಬಿಡುವು ಮುಗಿಯುವ ತನಕ. ಇದಕ್ಕೆ ವಿವರಣೆ ಬೇಕೇ?

ಡೊಂಬಿವಲಿ_ಮೇಡಂ

ಸಿ ಗುಂಪಿನದನ್ನೂ ಸ್ವಲ್ಪ ಬಿಡಿಸಿ ಹೇಳಿ ಸರ್, ಮಕ್ಕಳು ಕೇಳುತ್ತಾರೆ. ಬಿಸಿಗೆ ಹೋದ ನೀರು ಬರೀ ಗಾಳಿಯಿಂದ ಅಷ್ಟು ಬೇಗ ವಾಪಸು ಬರುತ್ತದೆಯೇ? ಇನ್ನೊಂದು ಪ್ರಶ್ನೆ: ಎರಡು, ಎರಡು, ಒಂದು ಎಂದು ಕಂತಿನಲ್ಲಿ ಏಕೆ ಹೋಗುತ್ತದೆ?

ಪಾಷಾಣ್_ಟಿಜಿಎ

ಎರಡಕ್ಕೂ ಉತ್ತರ ಒಂದೇ ಕಡೆ ಇದೆ ಮೇಡಂ. ಪ್ರತಿಯೊಂದು ಜಲಯುಕ್ತ ಉಪ್ಪಿಗೂ ಆಯಾ ತಾಪಕ್ಕೆ ತಕ್ಕ ಆವಿ ಒತ್ತಡವಿದೆ. ಸುತ್ತಲಿನ ಗಾಳಿಯ ಆವಿ ಅದಕ್ಕಿಂತ ಕಡಿಮೆಯಿದ್ದರೆ ಉಪ್ಪು ನೀರು ಬಿಡುತ್ತದೆ, ಹೆಚ್ಚಿದ್ದರೆ ಹಿಡಿಯುತ್ತದೆ. ಮೈಲುತುತ್ತಕ್ಕೆ 50 ಡಿಗ್ರಿಯಲ್ಲಿ ಈ ಅಂಕಿಗಳು ಪಾದರಸದ ಲೆಕ್ಕದಲ್ಲಿ: ಐದರಿಂದ ಮೂರಕ್ಕೆ ಇಳಿಯಲು 47 ಮಿಲಿಮೀಟರ್, ಮೂರರಿಂದ ಒಂದಕ್ಕೆ 30, ಒಂದರಿಂದ ನಿರ್ಜಲಕ್ಕೆ ಬರೀ 4.5. ಕೊನೆಯ ನೀರಿನ ಹಿಡಿತ ಎಷ್ಟು ಗಟ್ಟಿ ಎಂಬುದು ಇಲ್ಲೇ ಕಾಣುತ್ತದೆ.

ಈಗ ಮುಂಬೈ ಮಳೆಗಾಲದ ಗಾಳಿ. 28 ಡಿಗ್ರಿ, ಶೇ. 85 ತೇವಾಂಶ ಎಂದುಕೊಳ್ಳಿ, ಆವಿ ಸುಮಾರು 24 ಮಿಲಿಮೀಟರ್. ಕೋಣೆಯ ತಾಪದಲ್ಲಿ ಐದು ನೀರಿನ ಉಪ್ಪು ನೀರು ಬಿಡಬೇಕಾದರೆ ಗಾಳಿಯ ಆವಿ 10ಕ್ಕಿಂತಲೂ ಕೆಳಗಿರಬೇಕು. 24 ಇರುವಲ್ಲಿ ನಿರ್ಜಲ ಪುಡಿ ಐದೂ ನೀರು ತುಂಬಿಕೊಳ್ಳುವ ತನಕ ಸುಮ್ಮನಿರುವುದಿಲ್ಲ. ಪುಡಿ ನುಣ್ಣಗಿದ್ದು ತೆರೆದಿದ್ದರೆ ಮೇಲ್ಪದರ ನೋಡನೋಡುತ್ತಲೇ ನೀಲಿಗೆ ತಿರುಗುತ್ತದೆ. ಕ್ರೂಸಿಬಲ್‌ನೊಳಗೆ ನಿಧಾನ, ಆದರೆ ಸಿ ಗುಂಪಿನ 0.042 ಗ್ರಾಂ ವ್ಯತ್ಯಾಸಕ್ಕೆ ಆ ಬಿಡುವು ಸಾಕು.

ಕಂತಿನ ವಿಷಯ: ಸ್ಫಟಿಕದಲ್ಲಿ ನಾಲ್ಕು ನೀರು ತಾಮ್ರದ ಅಯಾನಿಗೆ ನೇರವಾಗಿ ಕೂಡಿಕೊಂಡಿವೆ. ಐದನೆಯದು ತಾಮ್ರವನ್ನು ಮುಟ್ಟುವುದೇ ಇಲ್ಲ, ಹೈಡ್ರೋಜನ್ ಬಂಧದಿಂದ ಸಲ್ಫೇಟ್‌ಗೆ ಸಿಕ್ಕಿಕೊಂಡಿದೆ. ಪ್ರತಿ ಕಂತಿನಲ್ಲೂ ಇಡೀ ಸ್ಫಟಿಕದ ಜೋಡಣೆ ಬದಲಾಗುತ್ತದೆ. ಅದಕ್ಕೇ ನಡುವಿನ ನಾಲ್ಕು ನೀರಿನ, ಎರಡು ನೀರಿನ ಹಂತಗಳು ನಿಲ್ಲದೆ ನೇರ ಐದು, ಮೂರು, ಒಂದು, ಸೊನ್ನೆ ಎಂದು ಇಳಿಯುತ್ತದೆ.

ಒಂದು ಎಚ್ಚರಿಕೆ. 63, 109, 200 ಎಂಬುವು ಕಲ್ಲಿನಲ್ಲಿ ಕೆತ್ತಿದ ಅಂಕಿಗಳಲ್ಲ. ಟಿಜಿಎ ಯಂತ್ರದಲ್ಲಿ (ಕಾಯಿಸುತ್ತಾ ತೂಕ ಅಳೆಯುವ ಯಂತ್ರ) ನಿಮಿಷಕ್ಕೆ 10 ಡಿಗ್ರಿ ಏರಿಸಿದರೆ ಮೆಟ್ಟಿಲುಗಳು ಮೇಲಕ್ಕೆ ಸರಿಯುತ್ತವೆ, 2 ಡಿಗ್ರಿ ಏರಿಸಿದರೆ ಕೆಳಕ್ಕೆ. ಮುಚ್ಚಳವಿದ್ದರೆ ಒಂದು, ಒಣ ನೈಟ್ರೋಜನ್ ಹರಿಸಿದರೆ ಇನ್ನೊಂದು. ವೈವಾದಲ್ಲಿ ಮಗು 63ರ ಬದಲು 70 ಎಂದರೆ ಅಂಕ ಕಳೆಯಬೇಡಿ.

ಮಾಟುಂಗ_ನಿವೃತ್ತ

ಒಳ್ಳೆಯ ಲೆಕ್ಕ ಮಾರಾಯ್ರೆ. ಈಗ ಕೈಕೆಲಸದ ಬಗ್ಗೆ ನಾಲ್ಕು ಮಾತು. ಈ ಪ್ರಯೋಗ ಕೆಡುವುದು ಹೆಚ್ಚಾಗಿ ಉರಿ ಹಚ್ಚುವ ಮೊದಲೇ.

ಖಾಲಿ ಕ್ರೂಸಿಬಲ್ ಮತ್ತು ಮುಚ್ಚಳವನ್ನು ಮೊದಲು ಐದು ನಿಮಿಷ ಕೆಂಪಗೆ ಕಾಯಿಸಿ, ಡೆಸಿಕೇಟರ್‌ನಲ್ಲಿ (ತೇವ ಹೀರುವ ವಸ್ತುವಿರುವ ಬಿಗಿ ಮುಚ್ಚಳದ ಪಾತ್ರೆ) ಆರಿಸಿ, ಆಮೇಲೆ ತೂಗಬೇಕು. ಪಿಂಗಾಣಿಯ ಮೆರುಗಿಲ್ಲದ ತಳ ಮಳೆಗಾಲದಲ್ಲಿ ತೇವ ಹೀರಿರುತ್ತದೆ. ಅದನ್ನು ಬಿಟ್ಟರೆ ಕ್ರೂಸಿಬಲ್‌ನ ನೀರೂ ಉಪ್ಪಿನ ಖಾತೆಗೆ ಬೀಳುತ್ತದೆ. ಒಮ್ಮೆ ಕಾಯಿಸಿದ ಮೇಲೆ ಬೆರಳಿನಿಂದ ಮುಟ್ಟುವಂತಿಲ್ಲ, ಇಕ್ಕಳವೇ. ಇಕ್ಕಳದ ತುದಿಯಲ್ಲಿ ತುಕ್ಕು ಇದ್ದರೆ ಉಜ್ಜಿ ತೆಗೆಯಿರಿ, ತುಕ್ಕಿನ ಚೂರಿಗೂ ಮಿಲಿಗ್ರಾಂ ಲೆಕ್ಕವುಂಟು.

ಉಪ್ಪು ದೊಡ್ಡ ಹರಳಾಗಿದ್ದರೆ ಕುಟ್ಟಾಣಿಯಲ್ಲಿ ಸಕ್ಕರೆ ಕಾಳಿನಷ್ಟಕ್ಕೆ ಒಡೆಯಿರಿ. ಹಿಟ್ಟಿನ ಹಾಗೆ ಅರೆಯಬಾರದು. ಹಿಟ್ಟಾದರೆ ಆವಿ ಹೊರಡುವಾಗ ಪುಡಿಯನ್ನೇ ಎತ್ತಿಕೊಂಡು ಹೋಗುತ್ತದೆ. ದೊಡ್ಡ ಹರಳಾದರೆ ಹೊರಗೆ ಬಿಳಿ ತೊಗಟೆ ಕಟ್ಟಿ ಒಳಗೆ ನೀಲಿ ಉಳಿದು ಕೊನೆಗೆ ಟಪ್ಪೆಂದು ಸಿಡಿಯುತ್ತದೆ. ಒಡೆದದ್ದನ್ನು ಎರಡು ಫಿಲ್ಟರ್ ಕಾಗದದ ನಡುವೆ ಒತ್ತಿ. ಕಾಗದಕ್ಕೆ ತೇವ ಹತ್ತಿದರೆ ಅದು ಹರಳಿನ ಮೈಮೇಲಿನ ನೀರು, ಒಳಗಿನದ್ದಲ್ಲ.

ಕಾಯಿಸುವಾಗ ಮುಚ್ಚಳ ಪೂರ್ತಿ ಮುಚ್ಚಬೇಡಿ, ಪೂರ್ತಿ ತೆಗೆಯಲೂ ಬೇಡಿ. ಜೇಡಿ ಕೊಳವೆಯ ತ್ರಿಕೋನದ ಮೇಲೆ ಕ್ರೂಸಿಬಲ್ ಸ್ವಲ್ಪ ಓರೆ, ಮುಚ್ಚಳ ಒಂದು ಬದಿಗೆ ಸರಿದಿರಲಿ. ಮೊದಲ ಹತ್ತು ನಿಮಿಷ ಸಣ್ಣ ಉರಿ, ಬರ್ನರ್ ಕೈಯಲ್ಲಿ ಹಿಡಿದು ಸುತ್ತಲೂ ಆಡಿಸುತ್ತಾ. ನೀರಿನ ಬಹುಪಾಲು ಹೋಗುವುದು ಇಲ್ಲೇ, ಸಿಡಿಯುವುದೂ ಇಲ್ಲೇ. ಆಮೇಲೆ ಉರಿ ಸ್ವಲ್ಪ ಏರಿಸಿ ಹತ್ತು ನಿಮಿಷ. ಕ್ರೂಸಿಬಲ್‌ನ ತಳ ಮಬ್ಬುಗೆಂಪಾಗಿ ಕಾಣತೊಡಗಿದರೆ ಉರಿ ಜಾಸ್ತಿಯಾಯಿತು ಎಂದರ್ಥ. ಕೋಣೆಯ ದೀಪ ಆರಿಸಿದರೆ ಆ ಕೆಂಪು ಬೇಗ ಗೊತ್ತಾಗುತ್ತದೆ.

ಬರ್ನರ್ ಮೇಲೆ ನಂಬಿಕೆ ಇಲ್ಲದಿದ್ದರೆ ಮರಳಿನ ತಟ್ಟೆ. ಕಬ್ಬಿಣದ ತಟ್ಟೆಯಲ್ಲಿ ಎರಡು ಇಂಚು ಜರಡಿ ಹಿಡಿದ ಒಣ ಮರಳು, ಕ್ರೂಸಿಬಲ್ ಅರ್ಧ ಮುಳುಗುವಷ್ಟು ಹೂಳಿ, ಪಕ್ಕದಲ್ಲಿ 360 ಡಿಗ್ರಿಯ ಥರ್ಮಾಮೀಟರ್. ಮರಳು 250ರ ಆಸುಪಾಸು ಮುಕ್ಕಾಲು ಗಂಟೆ ನಿಂತರೆ ಐದೂ ನೀರು ಹೋಗುತ್ತದೆ, ಕಪ್ಪಾಗುವ ಪ್ರಶ್ನೆಯೇ ಇಲ್ಲ. 110 ಡಿಗ್ರಿಯ ಸಾಧಾರಣ ಓವನ್‌ನಲ್ಲಿ ರಾತ್ರಿಯಿಡೀ ಇಟ್ಟರೂ ಒಂದು ನೀರು ಉಳಿದೇ ಉಳಿಯುತ್ತದೆ.

ಆರಿಸಲು ಡೆಸಿಕೇಟರ್. ಅಂಚಿನ ಗ್ರೀಸ್ ಪಾರದರ್ಶಕವಾಗಿ ಕಾಣುವಷ್ಟು ತಿರುಗಿಸಿ ಕೂರಿಸಿ. ತುಂಬ ಬಿಸಿಯಿದ್ದಾಗಲೇ ಒಳಗಿಟ್ಟು ಮುಚ್ಚಿದರೆ ಒಳಗಿನ ಗಾಳಿ ಹಿಗ್ಗಿ ಮುಚ್ಚಳ ಜಾರೀತು. ಒಂದು ನಿಮಿಷ ಹೊರಗೆ, ಆಮೇಲೆ ಒಳಗೆ. ತೂಗುವಾಗ ಕ್ರೂಸಿಬಲ್ ಬೆಚ್ಚಗಿರಲೇಬಾರದು. ಬಿಸಿ ಪಾತ್ರೆಯ ಸುತ್ತ ಗಾಳಿ ಮೇಲೇಳುವುದರಿಂದ ತಕ್ಕಡಿ ಕಡಿಮೆ ತೋರಿಸುತ್ತದೆ, ನೀರು ಹೆಚ್ಚು ಹೋದ ಹಾಗೆ ಲೆಕ್ಕ ಬರುತ್ತದೆ. ಆರಿದ ಮೇಲೆ ತೂಗಿ, ಮತ್ತೆ ಹತ್ತು ನಿಮಿಷ ಕಾಯಿಸಿ ತೂಗಿ. ಎರಡು ತೂಕಗಳ ವ್ಯತ್ಯಾಸ 0.005 ಗ್ರಾಂ ಒಳಗೆ ಬಂದರೆ ನಿಲ್ಲಿಸಬಹುದು.

ಮುಲುಂಡ್_ಲ್ಯಾಬ್

ಬಹಳ ಉಪಕಾರವಾಯಿತು ಸರ್. ಡೆಸಿಕೇಟರ್ ನಮ್ಮಲ್ಲಿ ಒಂದೇ ಇದೆ, ತರಗತಿಯಲ್ಲಿ ಒಟ್ಟು ಗುಂಪು ಎಂಟು. ಅದರಲ್ಲಿರುವ ಸಿಲಿಕಾ ಜೆಲ್ ಕೂಡ ಗುಲಾಬಿಯಾಗಿ ಕೂತಿದೆ.

ಮಾಟುಂಗ_ನಿವೃತ್ತ

ಗುಲಾಬಿಯಾದ ಜೆಲ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. 120 ಡಿಗ್ರಿ ಓವನ್‌ನಲ್ಲಿ ತೆಳ್ಳಗೆ ಹರಡಿ ಎರಡು ಗಂಟೆ ಇಡಿ, ನೀಲಿಗೆ ತಿರುಗುತ್ತದೆ. ಅಲ್ಲಿ ಬಣ್ಣ ಬದಲಿಸುವುದು ಕೋಬಾಲ್ಟ್ ಕ್ಲೋರೈಡ್. ಅದೂ ಇದೇ ಪಾಠ: ಆರು ನೀರಿದ್ದರೆ ಗುಲಾಬಿ, ನೀರು ಹೋದರೆ ನೀಲಿ. ಕೋಬಾಲ್ಟ್ ಉಪ್ಪು ಆರೋಗ್ಯಕ್ಕೆ ಕೆಟ್ಟದ್ದು, ಮಕ್ಕಳ ಕೈಗೆ ಕೊಡಬೇಡಿ. ಹೊಸದಾಗಿ ಕೊಳ್ಳುವುದಾದರೆ ಕೋಬಾಲ್ಟ್ ಇಲ್ಲದ ಕಿತ್ತಳೆ ಜೆಲ್ ಕೇಳಿ, ಪ್ರಿನ್ಸೆಸ್ ಸ್ಟ್ರೀಟ್‌ನ ಲ್ಯಾಬ್ ಸಾಮಾನಿನ ಅಂಗಡಿಗಳಲ್ಲಿ ಸಿಗುತ್ತದೆ.

ಎಂಟು ಗುಂಪಿಗೆ ಅಗಲ ಬಾಯಿಯ, ಬಿಗಿ ಮುಚ್ಚಳದ ಗಾಜಿನ ಭರಣಿಗಳು ಸಾಕು. ತಳದಲ್ಲಿ ಎರಡು ಇಂಚು ಒಣ ಜೆಲ್, ಅದರ ಮೇಲೆ ತಂತಿ ಜಾಲರಿ, ಜಾಲರಿಯ ಮೇಲೆ ಕ್ರೂಸಿಬಲ್.

ಫೋಂಡಾ_ಅಡಿಕೆ

ಮೇಲಿನ 47, 30 ಎಂಬ ಅಂಕಿ ನೋಡಿ ತೋಟದ ವಿಷಯ ನೆನಪಾಯಿತು. ಇಲ್ಲಿ ಅಡಿಕೆಯ ಕೊಳೆ ರೋಗಕ್ಕೆ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆಯುವವರು ಏಪ್ರಿಲ್‌ನಲ್ಲೇ ಮೈಲುತುತ್ತ ತಂದು ತಗಡಿನ ಮಾಡಿನಡಿ ಇಡುತ್ತಾರೆ. ಮೇ ಕೊನೆಗೆ ಚೀಲದ ಮೇಲ್ಭಾಗ ಬೂದಿ ಬಳಿದ ಹಾಗೆ ಬಿಳಿಯಾಗಿರುತ್ತದೆ. ಹಾಳಾಯಿತು ಎಂದು ಕೆಲವರು ಎಸೆಯುತ್ತಾರೆ, ಕೆಲವರು ‘ಸತ್ವ ಹೋಗಿದೆ’ ಎಂದು ಒಂದು ಹಿಡಿ ಜಾಸ್ತಿ ಹಾಕುತ್ತಾರೆ. ಎರಡೂ ತಪ್ಪಲ್ಲವೇ?

ಪಾಷಾಣ್_ಟಿಜಿಎ

ಎರಡನೆಯದು ಹೆಚ್ಚು ತಪ್ಪು. ಹೋಗಿರುವುದು ನೀರು, ತಾಮ್ರ ಅಲ್ಲೇ ಇದೆ. ತಗಡಿನಡಿ 50 ಡಿಗ್ರಿ ಮುಟ್ಟಿದರೆ, ಕರಾವಳಿಯ ಬೇಸಿಗೆ ಗಾಳಿಯ ಆವಿ 24ರ ಆಸುಪಾಸು ಇದ್ದರೂ ಅದು 47ಕ್ಕೂ 30ಕ್ಕೂ ಕಡಿಮೆ. ಹಾಗಾಗಿ ಮೇಲ್ಪದರ ಮೂರು ನೀರಿಗೆ, ಬಿಟ್ಟರೆ ಒಂದು ನೀರಿಗೂ ಇಳಿಯಬಹುದು. 4.5ಕ್ಕಿಂತ ಕೆಳಗೆ ಹೋಗುವ ಮಾತೇ ಇಲ್ಲ, ಆದ್ದರಿಂದ ಮಾಡಿನಡಿ ನಿರ್ಜಲ ಆಗುವುದಿಲ್ಲ.

ತಾಮ್ರದ ಪಾಲು: ಐದು ನೀರಿನದರಲ್ಲಿ ಶೇ. 25.5, ಒಂದು ನೀರಿನದರಲ್ಲಿ ಶೇ. 35.8. ನೀಲಿ ಹರಳು ಒಂದು ಕಿಲೋ ಕೊಡುವಷ್ಟು ತಾಮ್ರಕ್ಕೆ ಒಂದು ನೀರಿನ ಬಿಳಿ ಪುಡಿ ಸುಮಾರು 710 ಗ್ರಾಂ ಸಾಕು. ಜಾಸ್ತಿ ಹಾಕಿದಾಗ ಸುಣ್ಣ ಸಾಲದೆ ಹೋದರೆ ತಾಮ್ರ ಬಿಡಿಯಾಗಿ ಉಳಿದು ಎಳೆ ಕಾಯಿ, ಸೋಗೆ ಸುಡುತ್ತದೆ.

ಫೋಂಡಾ_ಅಡಿಕೆ

ಸರಿ ಹೇಳಿದಿರಿ. ಹಾಗಾದರೆ ಇಲ್ಲಿ ಮಾಡಬೇಕಾದದ್ದು: ಬಿಳಿ, ನೀಲಿ ಎರಡನ್ನೂ ಚೀಲದಲ್ಲೇ ಚೆನ್ನಾಗಿ ಕಲಸಿ, ಅದೇ ಒಂದು ಕಿಲೋ ತೂಗಿ 50 ಲೀಟರ್ ನೀರಿಗೆ, ಪ್ಲಾಸ್ಟಿಕ್ ಡ್ರಮ್ಮಿನಲ್ಲಿ. ಕಬ್ಬಿಣ ಅಥವಾ ಸತುವಿನ ಬಕೆಟ್ ಬೇಡ, ತಾಮ್ರ ಅದಕ್ಕೇ ಕೂತುಬಿಡುತ್ತದೆ. ಬೇರೆ ಡ್ರಮ್ಮಿನಲ್ಲಿ ಒಂದು ಕಿಲೋ ಸುಣ್ಣ, 50 ಲೀಟರ್. ತುತ್ತದ ನೀರನ್ನು ಸುಣ್ಣದ ನೀರಿಗೆ ಕೋಲಿನಿಂದ ತಿರುವುತ್ತಾ ಸುರಿಯಬೇಕು. ಆಮೇಲೆ ಉಜ್ಜಿ ಹೊಳೆಯುವ ಕತ್ತಿಯ ಅಲಗು ಒಂದು ನಿಮಿಷ ಅದ್ದಿ ತೆಗೆದರೆ ಕೆಂಪು ಲೇಪ ಬರಬಾರದು. ಬಂದರೆ ಇನ್ನಷ್ಟು ಸುಣ್ಣದ ನೀರು. ಚೀಲದಲ್ಲಿ ಬಿಳಿ ಎಷ್ಟಿದೆ ಎಂಬ ಲೆಕ್ಕದ ತಲೆಬಿಸಿಯನ್ನು ಈ ಕತ್ತಿಯೇ ತೀರಿಸುತ್ತದೆ.

ಡೊಂಬಿವಲಿ_ಮೇಡಂ

ಮತ್ತೆ ಪ್ರಯೋಗಾಲಯಕ್ಕೆ ಬರೋಣ. ಕಾಯಿಸುವಾಗ ಟೆಸ್ಟ್ ಟ್ಯೂಬ್‌ನ ಬಾಯಿ ಸ್ವಲ್ಪ ಕೆಳಗೆ ಬಾಗಿಸಿ ಹಿಡಿಯಿರಿ ಎಂದು ಎಲ್ಲ ಉಪ್ಪಿಗೂ ಹೇಳಿಕೊಡುತ್ತೇವೆ. ವಾಷಿಂಗ್ ಸೋಡಾ ಹರಳಿಗೆ ಹಾಗೆ ಮಾಡಿದಾಗ ಉಪ್ಪೇ ಸುರಿದುಹೋಗುತ್ತದೆ.

ಕೋಥ್ರೂಡ್_ಕೆಮಿಸ್ಟ್ರಿ

ಹೌದ್ರಿ, ಆ ಸೂಚನೆ ಎಲ್ಲಾದಕ್ಕೂ ನಡೆಯಂಗಿಲ್ಲ. ಬಾಯಿ ಕೆಳಗ ಮಾಡೋದು ಮ್ಯಾಲೆ ತಣ್ಣಗಾದ ನೀರು ಹಿಂದಕ್ಕ ಹರಿದು ಬಿಸಿ ತಳಕ್ಕ ಬಿದ್ದು ಗಾಜು ಸೀಳಬಾರದು ಅಂತ. ಮೈಲುತುತ್ತ, ಅನ್ನಭೇದಿಗೆ (ಫೆರಸ್ ಸಲ್ಫೇಟ್) ಅದು ಸರಿ. ಆದ್ರ ಕೆಲವು ಉಪ್ಪು ತಮ್ಮ ನೀರಿನಾಗ ತಾವೇ ಕರಗ್ತಾವ. ಹತ್ತು ನೀರಿನ ವಾಷಿಂಗ್ ಸೋಡಾ 34 ಡಿಗ್ರಿ ಆಸುಪಾಸು, ಹೈಪೋ (ಸೋಡಿಯಂ ಥಯೋಸಲ್ಫೇಟ್) 48, ಸೋಡಿಯಂ ಅಸಿಟೇಟ್ 58, ಪಟಿಕ 92. ಇವಕ್ಕ ಟ್ಯೂಬ್ ಬ್ಯಾಡ, ಚೀನಿ ಬಟ್ಟಲು ತಗೋರಿ, ಹೊಟ್ಟಿ ಮೂರರಾಗ ಒಂದು ಪಾಲಷ್ಟೇ ತುಂಬ್ರಿ. ಪಟಿಕ ಅಂತೂ ಕರಗಿ, ಕುದ್ದು, ಆಮ್ಯಾಲೆ ಹಪ್ಪಳದ ಹಂಗ ಉಬ್ಬಿ ಬಟ್ಟಲದ ಹೊರಗ ಬರ್ತದ. ಅದರ ತೂಕದಾಗ ನೀರೇ ಶೇ. 45.6 ಅದ.

ವಾಷಿಂಗ್ ಸೋಡಾದಾಗ ಶೇ. 63 ನೀರು. ಅದರದೊಂದು ಮಜಾ ನೋಡ್ರಿ: ಪುಣೆದಾಗ ಫೆಬ್ರವರಿ ಮಧ್ಯಾಹ್ನ ಗಾಳಿ ಒಣಾ ಇರ್ತದ, ಕಾಯಿಸೋದೇ ಬ್ಯಾಡ, ಹರಳು ತಾನೇ ಪುಡಿ ಆಗಿ ಒಂದು ನೀರಿಗೆ ಇಳೀತದ. ಮುಂಬೈ ಆಗಸ್ಟ್‌ನಾಗ ಅದೇ ಹರಳು ತಿಂಗಳುಗಟ್ಟಲೆ ಹಂಗೇ ಇರಬಹುದು. ಅಂಗಡ್ಯಾಗ ಸಿಗೋ ಬಿಳಿ ಸೋಡಾ ಪುಡಿ ಹೆಚ್ಚಾಗಿ ಮೊದಲೇ ಒಣಗಿಸಿದ್ದು. ಅದನ್ನ ಕಾಯಿಸಿ ಶೇ. 63 ಹುಡುಕಿದ್ರ ಎಲ್ಲಿಂದ ಸಿಗ್ಬೇಕ್ರಿ? ಬೇಕಂದ್ರ ಬಿಸಿನೀರಾಗ ಗಟ್ಟಿಯಾಗಿ ಕರಗಿಸಿ, 20 ಡಿಗ್ರಿಗಿಂತ ಕೆಳಗ ಫ್ರಿಜ್ಜಿನಾಗ ಹರಳು ಕಟ್ಟಿಸ್ಕೋರಿ.

ಪಾಷಾಣ್_ಟಿಜಿಎ

ಗ್ಲಾಬರ್ ಉಪ್ಪನ್ನೂ ಈ ಸಾಲಿಗೆ ಸೇರಿಸಿ. ಹತ್ತು ನೀರಿನ ಸೋಡಿಯಂ ಸಲ್ಫೇಟ್ 32.4 ಡಿಗ್ರಿಯಲ್ಲಿ ಬದಲಾಗುತ್ತದೆ. ಮೇ ತಿಂಗಳಲ್ಲಿ ಬಾಟಲಿಯೊಳಗೆ ಗಂಜಿಯಂತಾಗಿದ್ದರೆ ಸೀಲ್ ಒಡೆದು ನೀರು ಸೇರಿದೆ ಎಂದು ಅಂಗಡಿಯವರ ಮೇಲೆ ಎಗರಬೇಡಿ, ಅದು ಅದರದೇ ನೀರು. ಇದು ಪೂರ್ತಿ ಕರಗುವುದಿಲ್ಲ. ಒಂದಿಷ್ಟು ನಿರ್ಜಲ ಉಪ್ಪು ತಳಕ್ಕೆ ಕೂರುತ್ತದೆ, ತಣ್ಣಗಾದಾಗ ಮೇಲಿನ ನೀರಿನ ಜತೆ ಸರಿಯಾಗಿ ಕೂಡಿಕೊಳ್ಳುವುದಿಲ್ಲ. 1948ರಲ್ಲಿ ಅಮೆರಿಕದ ಡೋವರ್‌ನಲ್ಲಿ ಮಾರಿಯಾ ಟೆಲ್ಕೆಸ್ ಇದೇ ಉಪ್ಪನ್ನು ಡಬ್ಬಿಗಳಲ್ಲಿ ತುಂಬಿ ಬಿಸಿಲಿನ ಶಾಖ ಹಿಡಿದಿಟ್ಟು ಮನೆ ಬೆಚ್ಚಗಿಡುವ ವ್ಯವಸ್ಥೆ ಮಾಡಿದ್ದರು. ಕೆಲವು ಚಳಿಗಾಲಗಳ ನಂತರ ಅದು ಕೈಕೊಟ್ಟದ್ದಕ್ಕೆ ಮುಖ್ಯ ಕಾರಣ ಈ ತಳಕ್ಕೆ ಕೂರುವ ಗುಣವೇ. ಬಾಟಲಿಯದನ್ನು ಸರಿಪಡಿಸಲು 40 ಡಿಗ್ರಿ ನೀರಿನಲ್ಲಿಟ್ಟು, ತಣ್ಣಗಾಗುವ ತನಕ ಅಲುಗಾಡಿಸುತ್ತಿರಬೇಕು.

ಕಾಲ್ಬಾದೇವಿ_ಕುಸುರಿ

ಬಿಳಿಗಾರವನ್ನು (ಬೋರಾಕ್ಸ್) ಯಾರೂ ಹೇಳಲಿಲ್ಲ. ಝವೇರಿ ಬಜಾರಿನಲ್ಲಿ ಸುಹಾಗಾ ಎಂದು ಕೇಳಿದರೆ ಕೊಡುವುದು ಇದನ್ನೇ. ಹತ್ತು ನೀರು, ತೂಕದ ಶೇ. 47. ಬೆಸುಗೆ ಹಾಕುವ ಹೊಸಬರು ಕೊಂಡಿಯ ಮೇಲೆ ಬಿಳಿಗಾರದ ಲೇಪ, ಅದರ ಮೇಲೆ ಬೆಸುಗೆಯ ಚೂರು ಇಟ್ಟು ಒಮ್ಮೆಲೇ ಜ್ವಾಲೆ ಹಿಡಿಯುತ್ತಾರೆ. ನೀರು ಆವಿಯಾಗುವಾಗ ಲೇಪ ಹಲಸಿನ ಹಪ್ಪಳಕ್ಕಿಂತ ಜೋರಾಗಿ ಉಬ್ಬಿ ಚೂರನ್ನು ಪಕ್ಕಕ್ಕೆ ತಳ್ಳುತ್ತದೆ, ಬೆಸುಗೆ ಬೇಡದ ಜಾಗದಲ್ಲಿ ಹರಿಯುತ್ತದೆ. ಸರಿಯಾದ ಕ್ರಮ: ಸ್ಲೇಟು ಕಲ್ಲಿನ ಮೇಲೆ ನೀರು ಹಾಕಿ ತೇದು, ಹಾಲಿನಷ್ಟು ತೆಳ್ಳಗೆ ಹಚ್ಚಿ, ಜ್ವಾಲೆಯನ್ನು ದೂರದಿಂದ ಆಡಿಸಿ. ಉಬ್ಬಿ, ಬೆಳ್ಳಗಾಗಿ, ಮತ್ತೆ ಕೂತ ಮೇಲೆ ಸೂಜಿಯಿಂದ ಚೂರನ್ನು ಜಾಗಕ್ಕೆ ಸರಿಸಿ, ಆಮೇಲೆ ಜೋರು ಜ್ವಾಲೆ. 740 ಡಿಗ್ರಿಯ ಹತ್ತಿರ ಅದು ಗಾಜಿನ ಹಾಗೆ ಕರಗಿ ಹರಡುತ್ತದೆ. ಮೊದಲೇ ಹುರಿದು ಪುಡಿ ಮಾಡಿಟ್ಟರೆ ಉಬ್ಬುವುದಿಲ್ಲ, ಆದರೆ ಡಬ್ಬಿ ಸಡಿಲವಿದ್ದರೆ ಮಳೆಗಾಲದಲ್ಲಿ ಮತ್ತೆ ನೀರು ಕುಡಿಯುತ್ತದೆ.

ಮಡಗಾಂವ್_ಮಿಠಾಗರ್

ಗೋವಾದ ಅಗರದ (ಉಪ್ಪಿನ ಗದ್ದೆ) ಕಲ್ಲುಪ್ಪು ಬಾಣಲೆಯಲ್ಲಿ ಹುರಿದರೆ ಚಟಚಟ ಸಿಡಿಯುತ್ತದೆ. ಅದರಲ್ಲೂ ಸ್ಫಟಿಕ ಜಲ ಇದೆ ಎಂದು ಪಾಠ ಮಾಡುವವರಿದ್ದಾರೆ. ಇದೆಯೇ?

ಪಾಷಾಣ್_ಟಿಜಿಎ

ಇಲ್ಲ. ಅಡುಗೆ ಉಪ್ಪಿಗೆ ಎರಡು ನೀರಿನ ರೂಪವಿರುವುದು ಹಿಮದಷ್ಟು ತಣ್ಣಗಿರುವಾಗ ಮಾತ್ರ, ಸೊನ್ನೆ ಡಿಗ್ರಿ ದಾಟುತ್ತಿದ್ದಂತೆ ಅದು ಒಡೆಯುತ್ತದೆ. ಅಗರದ ಹರಳು ಬೆಳೆಯುವಾಗ ಅದರ ಹೊಟ್ಟೆಯೊಳಗೆ ಸಣ್ಣ ಸಣ್ಣ ಪೊಟ್ಟಣಗಳಾಗಿ ಉಪ್ಪುನೀರು ಸಿಕ್ಕಿಬಿದ್ದಿರುತ್ತದೆ. ಕಾದಾಗ ಅದು ಆವಿಯಾಗಿ ಹರಳನ್ನು ಸೀಳುತ್ತದೆ. ಇದಕ್ಕೆ ನಿಶ್ಚಿತ ಪ್ರಮಾಣವಿಲ್ಲ, ಒಂದು ಹರಳಿಗಿಂತ ಇನ್ನೊಂದು ಬೇರೆ. ಸೀಸದ ನೈಟ್ರೇಟ್ ಕೂಡ ಹೀಗೇ ಚಟಗುಟ್ಟುತ್ತದೆ, ಅದಕ್ಕೂ ಸ್ಫಟಿಕ ಜಲವಿಲ್ಲ.

ಮಡಗಾಂವ್_ಮಿಠಾಗರ್

ಹಾಗಾದರೆ ಉಪ್ಪು ತೆಗೆದ ಮೇಲೆ ಉಳಿಯುವ ಕಹಿ ನೀರನ್ನು ಬತ್ತಿಸಿದರೆ ಸಿಗುವ ಆರು ನೀರಿನ ಮೆಗ್ನೀಸಿಯಂ ಕ್ಲೋರೈಡ್? ಅದನ್ನು ಕಾಯಿಸಿ ನಿರ್ಜಲ ಮಾಡಲು ಹೋದವರ ಸ್ಟೀಲ್ ಪಾತ್ರೆಗಳೆಲ್ಲ ತುಕ್ಕು ಹಿಡಿದು ಕೂತಿವೆ.

ಪಾಷಾಣ್_ಟಿಜಿಎ

ಅದನ್ನು ತೆರೆದ ಪಾತ್ರೆಯಲ್ಲಿ ಕಾಯಿಸಿ ನಿರ್ಜಲ ಮಾಡಲು ಆಗುವುದಿಲ್ಲ. ಮೊದಲ ಕೆಲವು ನೀರು ಸುಮ್ಮನೆ ಹೋಗುತ್ತದೆ. ಆಮೇಲೆ ಉಳಿದ ನೀರು ಹೊರಡುವ ಬದಲು ಉಪ್ಪಿನ ಜತೆಯೇ ಪ್ರತಿಕ್ರಿಯಿಸಿ ಹೈಡ್ರೋಜನ್ ಕ್ಲೋರೈಡ್ ಅನಿಲ ಬಿಡುತ್ತದೆ. ಪಾತ್ರೆ ತಿಂದದ್ದು ಅದೇ. ಪೂರ್ತಿ ಕಾಯಿಸಿದರೆ ಕೊನೆಗೆ ಉಳಿಯುವುದು ಮೆಗ್ನೀಸಿಯಂ ಆಕ್ಸೈಡ್. ಒದ್ದೆ ನೀಲಿ ಲಿಟ್ಮಸ್ ಬಾಯಿಗೆ ಹಿಡಿದರೆ ಕೆಂಪಾಗುತ್ತದೆ, ಅಮೋನಿಯಾ ಬಾಟಲಿಯ ಬಿರಡೆ ಹತ್ತಿರ ತಂದರೆ ಬಿಳಿ ಹೊಗೆ. ನಿಜವಾದ ನಿರ್ಜಲ ಬೇಕಾದರೆ ಒಣ ಹೈಡ್ರೋಜನ್ ಕ್ಲೋರೈಡ್ ಹರಿಸುತ್ತಾ ಕಾಯಿಸಬೇಕು, ಅದು ಮನೆಯಲ್ಲೂ ಶಾಲೆಯಲ್ಲೂ ಮಾಡುವ ಕೆಲಸವಲ್ಲ. ಅಲ್ಯೂಮಿನಿಯಂ ಕ್ಲೋರೈಡ್, ಫೆರಿಕ್ ಕ್ಲೋರೈಡ್‌ನ ಹರಳುಗಳದ್ದೂ ಇದೇ ಜಾತಕ. ಇಲ್ಲಿ ತೂಕದ ನಷ್ಟವನ್ನೆಲ್ಲ ನೀರು ಎಂದು ಹಿಡಿದರೆ ಉತ್ತರ ಹಾಸ್ಯಾಸ್ಪದವಾಗಿರುತ್ತದೆ.

ಡೊಂಬಿವಲಿ_ಮೇಡಂ

ಅನ್ನಭೇದಿಯಲ್ಲೂ ತೂಕದ ಲೆಕ್ಕ ಬೇಡ ಅಲ್ಲವೇ? ಹಸಿರು ಹೋಗಿ ಬೆಳ್ಳಗಾದ ಮೇಲೆ ಇನ್ನೂ ಕಾಯಿಸಿದರೆ ಕಂದು ಬರುತ್ತದೆ.

ಕೋಥ್ರೂಡ್_ಕೆಮಿಸ್ಟ್ರಿ

ಬ್ಯಾಡ್ರಿ ಮೇಡಂ. ಕಂದು ಅಂದ್ರ ಫೆರಿಕ್ ಆಕ್ಸೈಡ್, ಗಂಧಕದ ಎರಡು ಅನಿಲ ಹೊರಗ ಬರ್ತಾವ. ಬಣ್ಣ ತೋರ್ಸಾಕ 2 ಗ್ರಾಂ ಸಾಕು, ಕಿಟಕಿ ತೆಗ್ದಿಟ್ಟು. ವಾಸನೆ ನೋಡಾಕ ಮೂಗು ಟ್ಯೂಬಿಗೆ ಹಚ್ಚಬಾರದು, ಕೈಯಿಂದ ಗಾಳಿ ಎಳಕೋಬೇಕು. ಅಸ್ತಮಾ ಇದ್ದ ಹುಡುಗರನ್ನ ದೂರ ಕೂಡಿಸ್ರಿ.

ತೂಕದ ಪ್ರಯೋಗಕ್ಕ ನನ್ನ ಮತ ಎಪ್ಸಮ್ ಸಾಲ್ಟಿಗೆ. ಏಳು ನೀರು, ಶೇ. 51.2, ಅಂದ್ರ 2.500 ಗ್ರಾಂನಾಗ 1.279 ಹೋಗ್ಬೇಕು. ನಷ್ಟ ದೊಡ್ಡದಿದ್ದಷ್ಟು ತಕ್ಕಡಿ ತಪ್ಪು ಸಣ್ಣದಾಗ್ತದ. ಮೈಲುತುತ್ತದಷ್ಟು ವಿಷಾನೂ ಅಲ್ಲ. ದೊಡ್ಡ ಅನುಕೂಲ ಅಂದ್ರ ನಿರ್ಜಲ ಮೆಗ್ನೀಸಿಯಂ ಸಲ್ಫೇಟ್ ಬರ್ನರ್ ಉರಿಗೆ ಒಡೆಯೂದಿಲ್ಲ, ಅದಕ್ಕ ಸಾವಿರ ಡಿಗ್ರಿ ದಾಟಬೇಕು. ಹಿಂಗಾಗಿ ಕೊನೀಗೆ ಜೋರು ಉರಿ ಕೊಟ್ರೂ ಬಿ ಗುಂಪಿನ ಗತಿ ಆಗೂದಿಲ್ಲ.

ತೊಂದ್ರಿ ಶುರುವಿನಾಗ: ಕರಗಿ ಕುದ್ದು ಸಿಡೀತದ. ಮೊದಲ ಹದಿನೈದು ನಿಮಿಷ ಅತೀ ಸಣ್ಣ ಉರಿ, ಮ್ಯಾಲೆ ಬಿಳಿ ಗಟ್ಟಿ ತೊಗಟಿ ಕಟ್ಟೋ ಮಟ. ಏಳನೇ ನೀರು 200 ಡಿಗ್ರಿ ದಾಟಿದ್ರೂ ಹಠ ಹಿಡೀತದ. ಆರಕ್ಕೇ ನಿಲ್ಲಿಸಿದ್ರ ನಷ್ಟ 1.096 ಗ್ರಾಂ ಬರ್ತದ, ಆ ಅಂಕಿ ಕಂಡ್ರ ಮತ್ತ ಕಾಯಿಸ್ರಿ. ಆರಿಸೋದು ಮಾತ್ರ ಬಿಗಿ ಮುಚ್ಚಿ, ನಿರ್ಜಲ ಎಪ್ಸಮ್ ಗಾಳಿಯಿಂದ ನೀರು ಎಳಕೊಳ್ಳೋದ್ರಾಗ ತುತ್ತಕ್ಕಿಂತ ಕಡಿಮಿ ಏನಲ್ಲ.

ಮಾಟುಂಗ_ನಿವೃತ್ತ

ಲೆಕ್ಕಕ್ಕೆ ಎಪ್ಸಮ್, ಬಣ್ಣಕ್ಕೆ ಮೈಲುತುತ್ತ. ನನಗೂ ಒಪ್ಪಿಗೆ. ಬೇರಿಯಂ ಕ್ಲೋರೈಡ್ ಎಲ್ಲಕ್ಕಿಂತ ಚೊಕ್ಕ, ಎರಡು ನೀರು ಶೇ. 14.75, ಸಿಡಿಯುವುದಿಲ್ಲ. ಆದರೆ ಕಡು ವಿಷ. ಹನ್ನೊಂದನೆಯವರ ಕೈಗೆ ಬೇಡ.

ಪೇಣ್_ಮೂರ್ತಿ

ಗಟ್ಟಿಯಾದ ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಚೂರುಗಳನ್ನು ಪುಡಿ ಮಾಡಿ ಹುರಿದರೆ ಮತ್ತೆ ಬಳಸಬಹುದೇ? ಇಲ್ಲಿ ಅಚ್ಚುಗಳಿಂದ ರಾಶಿ ರಾಶಿ ಒಡೆದದ್ದು ಉಳಿಯುತ್ತದೆ.

ಪಾಷಾಣ್_ಟಿಜಿಎ

ತತ್ವದಲ್ಲಿ ಹೌದು. ಗಟ್ಟಿಯಾದದ್ದು ಎರಡು ನೀರಿನ ಜಿಪ್ಸಂ. 120ರಿಂದ 150 ಡಿಗ್ರಿಯಲ್ಲಿ ಒಂದೂವರೆ ನೀರು ಬಿಟ್ಟು ಮತ್ತೆ ಪಿಒಪಿ ಆಗುತ್ತದೆ, ತೂಕದಲ್ಲಿ ಶೇ. 15.7 ಇಳಿಯಬೇಕು. ಬಾಣಲೆಯಲ್ಲಿ ಹುರಿದರೆ ಆಗುವ ತೊಂದರೆ, ತಳದ್ದು ಅತಿಯಾಗಿ ಬೆಂದು ನೀರು ಹಾಕಿದರೂ ಸೆಟ್ ಆಗದ ಪುಡಿಯಾಗುತ್ತದೆ, ಮೇಲಿನದು ಬೇಯದ ಜಿಪ್ಸಂ ಆಗಿಯೇ ಉಳಿಯುತ್ತದೆ. ಆ ಬೇಯದ ಕಣಗಳು ಬೀಜದಂತೆ ಕೆಲಸ ಮಾಡಿ, ಕಲಸುತ್ತಿದ್ದಂತೆಯೇ ಬಕೆಟ್‌ನಲ್ಲಿ ಗಟ್ಟಿ ಹಿಡಿಸುತ್ತವೆ. ತೆಳ್ಳಗೆ ಒಂದು ಇಂಚು ಹರಡಿ, ತಾಪ ನಿಯಂತ್ರಣವಿರುವ ಓವನ್‌ನಲ್ಲಿ ಆಗಾಗ ಕೆದಕುತ್ತಾ ಮಾಡಿದರೆ ಒರಟು ಕೆಲಸಕ್ಕೆ ಆದೀತು. ಮೂರ್ತಿಯ ಮುಖದ ಅಚ್ಚಿಗೆ ಬೇಡ.

ಮುಲುಂಡ್_ಲ್ಯಾಬ್

ಮುಂದಿನ ವಾರ ಎಪ್ಸಮ್ ತರಿಸುತ್ತೇವೆ. ಕೊನೆಯ ಪ್ರಶ್ನೆ: ಈಗ ಉಳಿದಿರುವ ಬಿಳಿ ತುತ್ತದ ಪುಡಿಯನ್ನು ಏನು ಮಾಡುವುದು? ಸಿಂಕಿಗೆ ಬಿಡಲು ಮನಸ್ಸಿಲ್ಲ.

ಮಾಟುಂಗ_ನಿವೃತ್ತ

ಬಿಡಲೇಬೇಡಿ, ಮೀನಿಗೆ ವಿಷ. ಮೊದಲು ಅದನ್ನೇ ಇನ್ನೊಂದು ಪಾಠಕ್ಕೆ ಬಳಸಿ. ಪೂರ್ತಿ ತಣ್ಣಗಾದ 1 ಗ್ರಾಂ ಪುಡಿಗೆ ಡ್ರಾಪರ್‌ನಿಂದ ಹನಿ ಹನಿ ನೀರು. ಬಿಸಿ ಟ್ಯೂಬಿಗೆ ಹಾಕಿದರೆ ಗಾಜು ಒಡೆಯುತ್ತದೆ, ಹಾಗಾಗಿ ತಣ್ಣಗಾದ ಮೇಲೆಯೇ. ನೀಲಿಯಾಗುವುದರ ಜತೆ ಟ್ಯೂಬ್ ಕೈಗೆ ಬಿಸಿ ತಟ್ಟುತ್ತದೆ. ನಿರ್ಜಲ ತುತ್ತ ಕರಗುವಾಗ ಮೋಲಿಗೆ ಸುಮಾರು 66 ಕಿಲೋಜೂಲ್ ಶಾಖ ಹೊರಬರುತ್ತದೆ, ನೀಲಿ ಹರಳು ಕರಗುವಾಗ ಅದಕ್ಕೆ ತದ್ವಿರುದ್ಧವಾಗಿ 12ರಷ್ಟು ಒಳಗೆ ಹೋಗುತ್ತದೆ. ಎರಡು ಬೀಕರ್, ಎರಡು ಥರ್ಮಾಮೀಟರ್ ಇಟ್ಟು ತೋರಿಸಿ.

ಆಮೇಲೆ ಎಲ್ಲವನ್ನೂ ಒಂದೇ ಬೀಕರಿಗೆ ಸೇರಿಸಿ ಸ್ವಲ್ಪ ಬಿಸಿನೀರಿನಲ್ಲಿ ಕರಗಿಸಿ. ಬಿ ಗುಂಪಿನ ಕಪ್ಪು ಇದ್ದರೆ ದುರ್ಬಲ ಗಂಧಕಾಮ್ಲ ಕೆಲವು ಹನಿ ಹಾಕಿ ಬೆಚ್ಚಗೆ ಮಾಡಿ, ಅದೂ ಕರಗಿ ನೀಲಿಯಾಗುತ್ತದೆ. ಸೋಸಿ, ಮೇಲೆ ಹರಳಿನ ಪೊರೆ ಕಾಣುವ ತನಕ ಬತ್ತಿಸಿ, ಕಾಗದ ಮುಚ್ಚಿ ರಾತ್ರಿಯಿಡೀ ಅಲುಗಾಡಿಸದೆ ಇಡಿ. ಹರಳನ್ನು ಫಿಲ್ಟರ್ ಕಾಗದದ ಮೇಲೆ ಹರಡಿ ಫ್ಯಾನಿನ ಗಾಳಿಯಲ್ಲಿ ಒಣಗಿಸಿ, ಓವನ್‌ಗೆ ಹಾಕಬೇಡಿ. ಮುಂದಿನ ಬ್ಯಾಚಿಗೆ ಅದೇ ಆಗುತ್ತದೆ. ಬಾಟಲಿಯ ಮೇಲೆ ‘ಮರುಹರಳು’ ಎಂದು ಚೀಟಿ ಅಂಟಿಸುವುದನ್ನು ಮರೆಯಬೇಡಿ.